ನೋಡಿ ಬಿಡಬೇಕಾದ ಮನೆ

"ಇನ್ನು ಮುಂದೆ ಈ ಮನೆಯಲ್ಲಿ ಒಂದು ಚಮಚ ಅಲುಗಾಡಬೇಕಾದರೂ ಅದಕ್ಕೆ ಸಂಶೋಧನೆಯ ಆಧಾರ ಇರಬೇಕು!"

ಹೀಗೆಂದು ಸಾರಾಂಶರಾಯರು ಊಟದ ಮೇಜು ಗುದ್ದಿ ಘೋಷಿಸಿದರು. ಮೇಜಿನ ಮೇಲಿದ್ದ ಚಮಚಗಳೆಲ್ಲ ಯಾವ ಆಧಾರವೂ ಇಲ್ಲದೆ ಅಲುಗಾಡಿದವು.

ಸಾರಾಂಶರಾಯ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅವರ ಜೊತೆಯಲ್ಲೇ ಇದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ಇಟ್ಟದ್ದು. ರಾಯರ ಕೆಲಸ ವಿಶ್ವವಿದ್ಯಾಲಯದ ಪ್ರಚಾರ ವಿಭಾಗದಲ್ಲಿ. ಪ್ರೊಫೆಸರುಗಳು ವರ್ಷಗಟ್ಟಲೆ ತಲೆ ಕೆರೆದುಕೊಂಡು ಬರೆದ ಪ್ರಬಂಧಗಳನ್ನು ಬೆರಳುದ್ದದ ಸುದ್ದಿ ಮಾಡಿ ಪ್ರತಿ ವಾರ ಪತ್ರಿಕೆಗೆ ಕಳಿಸಬೇಕು. ವಿಜ್ಞಾನವಾಗಲಿ, ಆರೋಗ್ಯವಾಗಲಿ, ಗಣಿತವಾಗಲಿ, ಅರ್ಥಶಾಸ್ತ್ರವಾಗಲಿ, ರಾಯರು ಹೆದರುವ ಪೈಕಿಯೇ ಅಲ್ಲ! ಹೆದರಿಕೆ ಯಾಕಾಗಬೇಕು ಹೇಳಿ? ಮೊದಲ ಪುಟದಲ್ಲಿರುವ ಸಾರಾಂಶ ದಾಟಿ ಅವರು ಒಂದು ಸಾಲೂ ಮುಂದಕ್ಕೆ ಓದಿದವರಲ್ಲ. ಆದರೆ ಆ ಸಾರಾಂಶವನ್ನು ಮನೆಯಲ್ಲಿ ಹೇಳುವಾಗ ಮಾತ್ರ ತಾವೇ ಪ್ರಯೋಗಾಲಯದಲ್ಲಿ ನಿದ್ದೆಗೆಟ್ಟು ಕಂಡುಹಿಡಿದಂತೆ ಎದೆ ಉಬ್ಬಿಸುತ್ತಿದ್ದರು.

ಘೋಷಣೆಯಾದ ವಾರವೇ ಆರೋಗ್ಯ ವಿಭಾಗದಿಂದ, ತುಂಬಾ ಹೊತ್ತು ಕೂರುವುದು ಒಳ್ಳೆಯದಲ್ಲ ಎಂಬ ಪ್ರಬಂಧ ಬಂತು. ರಾಯರು ಊಟದ ಮೇಜಿನ ನಾಲ್ಕೂ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿಬಿಟ್ಟರು. ಅತ್ತೆ ತಮ್ಮ ತಟ್ಟೆ ಎಲ್ಲಿದೆ ಎಂದು ಕೈಯಲ್ಲಿ ತಡಕಾಡಿ, "ಊಟಕ್ಕೆ ಏಣಿ ಬೇರೆ ಕೊಡ್ತೀರೇನಪ್ಪ?" ಎಂದು ಕೇಳಿದರು. ಮರುವಾರ ಅರ್ಥಶಾಸ್ತ್ರದವರದು: ಆಯ್ಕೆಗಳು ಹೆಚ್ಚಾದರೆ ಮನುಷ್ಯನಿಗೆ ಗೊಂದಲ ಹೆಚ್ಚು. ರಾಯರು ಹೆಂಡತಿಯ ಚಪ್ಪಲಿಗಳಲ್ಲಿ ಒಂದು ಜೊತೆ ಉಳಿಸಿ ಉಳಿದದ್ದನ್ನೆಲ್ಲ ಯಾರಿಗೋ ಕೊಟ್ಟುಬಂದರು. ಉಳಿಸಿದ ಜೊತೆಯ ಉಂಗುಟ ಕಿತ್ತುಹೋಗಿತ್ತು.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದಿನವೆಲ್ಲ ಬಂದವರ ಮೂಗಿನ ಮೇಲೆ ಗಾಜು ಬದಲಾಯಿಸಿ "ಈಗ ಕಾಣ್ತಿದೆಯಾ? ಈಗ?" ಎಂದು ಕೇಳುವುದು ಅವಳ ಕಸುಬು. ಕಿತ್ತ ಚಪ್ಪಲಿಯನ್ನು ಗಂಡನ ಮೂಗಿನ ಮುಂದೆ ಹಿಡಿದು ಅದನ್ನೇ ಕೇಳಿದಳು.

"ಚೆನ್ನಾಗೇ ಕಾಣ್ತಿದೆ," ಎಂದರು ರಾಯರು. "ಆದ್ರೆ ಸಂಶೋಧನೆಯಲ್ಲಿ ದೋಷ ಇಲ್ಲ. ಚಪ್ಪಲಿಯಲ್ಲಿದೆ."

ಇಷ್ಟರ ಮಟ್ಟಿಗಿದ್ದಿದ್ದರೆ ಹೇಗೋ ಸಂಸಾರ ತೂಗಿಸಿಕೊಂಡು ಹೋಗಬಹುದಿತ್ತು. ಅಷ್ಟರಲ್ಲಿ ಮನೆಯ ಮಾಲೀಕರು ಬಂದು, ಕಟ್ಟಡ ಮಾರಿದ್ದೇನೆ, ಕೊಂಡವರು ಕೆಡವುತ್ತಾರೆ, ತಿಂಗಳ ಕೊನೆಗೆ ಖಾಲಿ ಮಾಡಿ ಎಂದುಬಿಟ್ಟರು. ನಿಜವಾದ ಚಿಂತೆ ಶುರುವಾದದ್ದು ಆಗ. ಅತ್ತೆ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಜೀವಮಾನವೆಲ್ಲ ಓಡುವ ಬಸ್ಸಿನಲ್ಲಿ ನಿಂತು ನಿಂತು ಅವರ ಮೊಣಕಾಲುಗಳು ಪೂರ್ತಿ ಸೋತುಹೋಗಿದ್ದವು. ಮೆಟ್ಟಿಲು ಕಂಡರೆ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಈಗಿದ್ದದ್ದು ಎರಡನೇ ಮಹಡಿ. ಹೀಗಾಗಿ ಅವರು ಬೀದಿ ಮುಖ ನೋಡಿಯೇ ಎಷ್ಟೋ ಕಾಲವಾಗಿತ್ತು.

"ರೀ, ನನಗೆ ಬೇರೇನೂ ಬೇಡ," ಎಂದಳು ಹೆಂಡತಿ. "ನೆಲಮಹಡಿ ಮನೆ. ಅಮ್ಮ ತಾನಾಗಿ ಬಾಗಿಲು ದಾಟಿ ಹೊರಗೆ ಹೋಗೋ ಹಾಗಿರ್ಬೇಕು. ಅಷ್ಟೇ."

"ಅಷ್ಟೇನಾ? ನಮ್ಮ ಗಣಿತ ವಿಭಾಗದಿಂದ ಮೊನ್ನೆ ತಾನೇ ಹೊಸ ಪ್ರಬಂಧ ಬಂದಿದೆ. ಪತ್ರಿಕೆಗೂ ಬರೆದು ಕಳಿಸಿದ್ದೀನಿ. ಒಂದಾದ ಮೇಲೊಂದು ಬರೋ ಅವಕಾಶಗಳಲ್ಲಿ ಅತ್ಯುತ್ತಮವಾದದ್ದನ್ನ ಹಿಡಿಯೋದು ಹೇಗೆ ಅಂತ! ಮೊದಲ ಮೂರನೇ ಒಂದು ಪಾಲು ಇದೆಯಲ್ಲ, ಅದನ್ನ ಸುಮ್ನೆ ನೋಡ್ಬೇಕು. ಎಷ್ಟೇ ಚೆನ್ನಾಗಿದ್ರೂ ಬಿಟ್ಬಿಡಬೇಕು. ಆಮೇಲೆ, ಅಲ್ಲೀವರೆಗೆ ನೋಡಿದ್ದೆಲ್ಲಕ್ಕಿಂತ ವಾಸಿ ಅನ್ನಿಸಿದ್ದು ಸಿಕ್ಕಿದ ತಕ್ಷಣ ಗಬಕ್ಕಂತ ಹಿಡ್ಕೋಬೇಕು!"

"ಮೊದಲನೇ ಮನೆಯೇ ಚೆನ್ನಾಗಿದ್ರೆ?"

"ಬಿಡಬೇಕು."

"ಎರಡನೇದು?"

"ಅದನ್ನೂ."

"ನನ್ನೂ ಅಮ್ಮನ್ನೂ ಬೀದೀಲಿ ಬಿಡೋದು ಎಷ್ಟನೇದಕ್ಕೆ?"

ರಾಯರು ಇಂಥ ಪಾಮರ ಪ್ರಶ್ನೆಗೆ ಕಿವಿಗೊಡದೆ, ನೋಡಬೇಕಾದ ಮನೆಗಳ ಪಟ್ಟಿ ಬರೆದು ಅದನ್ನು ಮೂರು ಪಾಲು ಮಾಡಲು ಕೂತರು.

ಅತ್ತೆಯನ್ನು ಕೈಹಿಡಿದು ಮೆಟ್ಟಿಲಿಳಿಸಿಕೊಂಡು ಮೊದಲ ಮನೆಗೆ ಮೂವರೂ ಹೋದರು. ಏನು ಹೇಳಲಿ, ಹೆಂಡತಿ ಕೇಳಿದಂಥ ಮನೆಯೇ ಎಳ್ಳಷ್ಟೂ ಕೊರತೆಯಿಲ್ಲದೆ ಎದುರು ನಿಂತಿತ್ತು! ನೆಲಮಹಡಿ. ಹೊಸ್ತಿಲಿಗೆ ಮೆಟ್ಟಿಲೇ ಇಲ್ಲ. ಮಾಲೀಕರು ತಮ್ಮ ತಾಯಿಗೆಂದು ಬಚ್ಚಲಿನ ಗೋಡೆಯುದ್ದಕ್ಕೂ ಹಿಡಿದುಕೊಳ್ಳಲು ಕಬ್ಬಿಣದ ಸರಳು ಹಾಕಿಸಿದ್ದರು. ಹಿಂದಿನ ಕೋಣೆಯ ಕಿಟಕಿ ತೆರೆದರೆ ಬಸ್ಸುಗಳು ತಿರುಗುವ ಜಾಗ. ಅತ್ತೆ ಅಲ್ಲಿದ್ದ ಕುರ್ಚಿಯಲ್ಲಿ ಕೂತವರು ಏಳಲೇ ಇಲ್ಲ. "ನೋಡೇ, ಆ ಡ್ರೈವರ್ ಎಷ್ಟು ಅಗಲಕ್ಕೆ ತಿರುಗಿಸ್ತಾನೆ! ನಮ್ಮ ಕಾಲದಲ್ಲಾಗಿದ್ರೆ ಬೆಲ್ ಹೊಡೆದು ಬೈತಿದ್ದೆ," ಎಂದು ಎಳೆಹುಡುಗಿಯಂತೆ ನಕ್ಕರು. ತಾಯಿ ನಕ್ಕದ್ದು ಕಂಡು ಹೆಂಡತಿ ಮನಸ್ಸಿನಲ್ಲೇ ಮನೆ ಒಪ್ಪಿಬಿಟ್ಟಳು. ಅವಳು ಗಂಡನ ಕಡೆ ತಿರುಗಿದಳು.

ರಾಯರು ಕೈ ಹಿಂದೆ ಕಟ್ಟಿಕೊಂಡು ಚಾವಣಿ ನೋಡಿ ಹೇಳಿದರು: "ಬಹಳ ಚೆನ್ನಾಗಿದೆ. ಆದ್ದರಿಂದ ಬೇಡ!"

ಮಾಲೀಕರ ಕೈಯಿಂದ ಬೀಗದ ಕೈ ಕೆಳಗೆ ಬಿತ್ತು. "ಏನು ಸ್ವಾಮಿ, ಏನಾದ್ರೂ ಕುಂದಿದೆಯಾ?"

"ಕುಂದಿಲ್ಲ. ಇದು ಬರೀ ನೋಡೋ ಪಾಲಿನ ಮನೆ."

"ಏನ್ರೀ, ಹುಚ್ಚು ಹಿಡಿದಿದೆಯಾ ನಿಮಗೆ?" ಎಂದು ಹೆಂಡತಿ ರಸ್ತೆಯಲ್ಲೇ ಶುರುಮಾಡಿದಳು. ಅತ್ತೆ ಮಾತ್ರ ಜಗಳವಾಡಲಿಲ್ಲ. ಕಿಟಕಿಯ ದಿಕ್ಕಿಗೇ ತಿರುಗಿ ತಿರುಗಿ ನೋಡುತ್ತ, "ನಾನು ಇಳಿಯೋ ಸ್ಟಾಪ್ ಬಂದಿತ್ತಲ್ಲಪ್ಪ, ನಿಲ್ಲಿಸದೇ ಹೊಡ್ಕೊಂಡು ಬಂದ್ರಿ," ಎಂದರು. ರಾಯರು ಒಮ್ಮೆ ಮನೆಯ ಕಡೆ ತಿರುಗಿ ನೋಡಿದರು. ಆದರೆ ಅತ್ತೆಯ ಕಣ್ಣಿಗೆ ಕರಗುವುದಕ್ಕೆ ಗಣಿತವೇನು ಬೆಣ್ಣೆಯೇ? ಅವರು ತಲೆ ಎತ್ತಿ ನಡೆದರು.

ಆಮೇಲೆ ನೋಡಿದ ಮನೆಗಳ ಕಥೆ ಕೇಳಬೇಡಿ. ಒಂದು ಮನೆಯಲ್ಲಿ ಅಡುಗೆಮನೆಗೆ ಹೋಗಬೇಕಾದರೆ ಬಚ್ಚಲ ಮೂಲಕವೇ ಹೋಗಬೇಕು. ಯಾರಾದರೂ ಸ್ನಾನಕ್ಕೆ ಹೋದರೆ ಉಳಿದವರಿಗೆ ಉಪವಾಸ! ಇನ್ನೊಂದರ ಪಕ್ಕಕ್ಕೇ ಮರಗೆಲಸದ ಕಾರ್ಖಾನೆ. ಗರಗಸ ಶುರುವಾದರೆ ಗೋಡೆಯ ಮೊಳೆಗಳು ತಾವಾಗಿ ಹೊರಗೆ ಬರುತ್ತಿದ್ದವು. ಮತ್ತೊಂದರ ಮಾಲೀಕರು ಮನೆಯ ನಡುಕೋಣೆಯನ್ನು ತಮಗೇ ಇಟ್ಟುಕೊಳ್ಳುತ್ತಾರಂತೆ, ಹೊತ್ತಲ್ಲದ ಹೊತ್ತಿನಲ್ಲಿ ಬಂದು ಅಲ್ಲಿ ತುತ್ತೂರಿ ಅಭ್ಯಾಸ ಮಾಡುತ್ತಾರಂತೆ. ನೋಡುವ ಪಾಲು ಮುಗಿದು ಹಿಡಿಯುವ ಪಾಲು ಬಂತು. ರಾಯರು ಗಬಕ್ಕನೆ ಹಿಡಿಯಲು ಕೈ ಚಾಚಿಕೊಂಡೇ ಓಡಾಡಿದರು. ಆದರೆ ಯಾವ ಮನೆಯೂ ಮೊದಲನೆಯದಕ್ಕಿಂತ ವಾಸಿ ಇರಲಿಲ್ಲ. ಲೆಕ್ಕದ ಪ್ರಕಾರ ಎಲ್ಲವನ್ನೂ ಬಿಡಬೇಕಾಯಿತು.

ಕೊನೆಗೆ ಹೆಂಡತಿ ಪಟ್ಟು ಹಿಡಿದಳು. "ಲೆಕ್ಕಾನೂ ಬೇಡ, ಪಕ್ಕಾನೂ ಬೇಡ. ಆ ಮೊದಲನೇ ಮನೆಗೆ ಹೋಗಿ ಕಾಲು ಹಿಡೀರಿ!"

ರಾಯರು ಹೋದರು. ಬಾಗಿಲು ತೆರೆದವರು ಕೈಯಲ್ಲಿ ಬಣ್ಣದ ಬ್ರಷ್ ಹಿಡಿದ ಗಣಿತದ ಪ್ರೊಫೆಸರು. ಹೌದು, ಆ ಪ್ರಬಂಧ ಬರೆದವರೇ! ಹಿಂದಿನ ಕೋಣೆಯ ಕಿಟಕಿಗೆ ಅರ್ಧ ಹಸಿರು ಬಳಿದಾಗಿತ್ತು.

"ಸಾರ್! ನೀವು ಎಷ್ಟು ಮನೆ ನೋಡಿದ್ರಿ?"

"ಇದೊಂದೇ. ಚೆನ್ನಾಗಿತ್ತು, ತಗೊಂಡ್ವಿ. ಯಾಕ್ರೀ?"

"ಮೂರನೇ ಒಂದು ಪಾಲು ಬಿಡ್ಬೇಕು ಅಂತ ನೀವೇ ಬರೆದಿದ್ದೀರಲ್ಲ ಸಾರ್!"

ಪ್ರೊಫೆಸರು ನಕ್ಕರು. "ಅದು ಅತ್ಯುತ್ತಮವಾದದ್ದೇ ಬೇಕು, ಇಲ್ಲದಿದ್ರೆ ಏನೂ ಬೇಡ ಅನ್ನೋರಿಗೆ. ನಮಗೆ ಇರೋದಕ್ಕೆ ಒಂದು ಮನೆ ಬೇಕಿತ್ತು ಅಷ್ಟೇ. ಎರಡನೇ ಪುಟದಲ್ಲೇ ಇದೆಯಲ್ರೀ, ಓದ್ಲಿಲ್ವಾ?"

ಬೇರೆಯವರಾಗಿದ್ದರೆ ಅಲ್ಲೇ ನೆಲ ಕಚ್ಚುತ್ತಿದ್ದರು. ರಾಯರು ಮನೆಗೆ ಬಂದು ಮೇಜು ಗುದ್ದಿದರು. "ಪ್ರೊಫೆಸರ್ ಗಣಿತಕ್ಕೆ ದ್ರೋಹ ಮಾಡಿದ್ದಾರೆ! ಜಗತ್ತೇ ಕೈಬಿಟ್ರೂ ಸರಿ, ನಾನು ಆ ಲೆಕ್ಕ ಬಿಡಲ್ಲ!"

"ಬಿಡಬೇಡಿ. ಮನೆ ಕೆಡವೋರು ಬಂದಾಗ ಅದನ್ನೇ ತಲೆ ಮೇಲೆ ಹೊದ್ಕೊಂಡು ಕೂತಿರಿ," ಎಂದಳು ಹೆಂಡತಿ. ಅತ್ತೆ ತಮ್ಮ ಬಟ್ಟೆಬರೆ ಗಂಟು ಕಟ್ಟುತ್ತ, ತಂಗಿಯ ಮನೆಗೆ ಹೋಗಿರುತ್ತೇನೆ ಎಂದರು. ತಂಗಿಯ ಮನೆ ನಾಲ್ಕನೇ ಮಹಡಿಯಲ್ಲಿತ್ತು. ಆ ಮಾತು ಕೇಳಿ ಹೆಂಡತಿ ಅಡುಗೆಮನೆಗೆ ಹೋಗಿ ಅತ್ತಳು. ರಾಯರ ಜಂಭ ಮೊದಲ ಬಾರಿಗೆ ಜರ್ರನೆ ಇಳಿದದ್ದು ಆಗಲೇ. ಬಾಯಲ್ಲಿ ಮಾತ್ರ ಅದನ್ನು ಒಪ್ಪಿಕೊಳ್ಳಲಿಲ್ಲ.

ಖಾಲಿ ಮಾಡುವ ಗಡುವಿನ ಹಿಂದಿನ ದಿನ ಹೆಂಡತಿಯ ಅಂಗಡಿಗೆ ಕಣ್ಣು ತೋರಿಸಲು ಬಂದವರೊಬ್ಬರು ಅಂಗಡಿಯ ಪಕ್ಕದ ಬೀದಿಯಲ್ಲಿ ನೆಲಮಹಡಿ ಮನೆಯೊಂದು ಖಾಲಿಯಾಗಿದೆ ಎಂದರು. ಮೂವರೂ ಹೊರಟರು. ಅತ್ತೆ ಬಸ್ಸಿನಿಂದ ಇಳಿಯುವುದಕ್ಕೆ ಹೊತ್ತಾಗುತ್ತದೆ ಎಂದು ರಾಯರು ಮುಂದೆ ಓಡಿದರು. ಇವತ್ತು ಕಣ್ಣು ಮುಚ್ಚಿಕೊಂಡು ಒಪ್ಪುತ್ತೇನೆ ಎಂದು ನಿರ್ಧರಿಸಿಬಿಟ್ಟಿದ್ದರು. ಇದೇನು ಸೋಲಲ್ಲ ನೋಡಿ, ಕೊನೆಯ ಅವಕಾಶವಾದ್ದರಿಂದ ಲೆಕ್ಕವೇ ಹೀಗೆ ಹೇಳುತ್ತದೆ ಎಂದು ದಾರಿಯುದ್ದಕ್ಕೂ ತಮಗೆ ತಾವೇ ವಾದಿಸಿಕೊಂಡರು!

ಮನೆಯೊಡತಿ ನಿವೃತ್ತ ಹೊಲಿಗೆ ಟೀಚರ್. ಕುತ್ತಿಗೆಗೆ ಅಳತೆಪಟ್ಟಿ ಇನ್ನೂ ನೇತಾಡುತ್ತಿತ್ತು. ರಾಯರಿಗೆ ಮನೆಯೆಲ್ಲ ತೋರಿಸಿ, ಕೊನೆಗೆ ಸಮಾಧಾನವಾಗಿ ಹೇಳಿದರು: "ನೀವು ಒಳ್ಳೆಯವರ ಹಾಗೇ ಕಾಣ್ತೀರಿ. ಆದ್ರೆ ನಿಮಗೆ ಕೊಡೋ ಹಾಗಿಲ್ಲ."

"ಯಾಕಮ್ಮ?"

"ಇವತ್ತು ಮೂರು ಕಡೆಯವರು ಬರ್ತೀನಿ ಅಂದಿದ್ದಾರೆ. ಮೂರರಲ್ಲಿ ನೀವು ಮೊದಲನೆಯವರು. ಮೊದಲ ಮೂರನೇ ಒಂದು ಪಾಲನ್ನ ಸುಮ್ನೆ ನೋಡಿ ಬಿಡ್ಬೇಕಂತೆ. ಪತ್ರಿಕೇಲಿ ಓದಿದೆ. ವಿಶ್ವವಿದ್ಯಾಲಯದವರು ಯಾರೋ ಎಷ್ಟು ಚೆನ್ನಾಗಿ ಬರೆದಿದ್ರು ಅಂತೀರಿ!"

ರಾಯರ ಮುಖ ಒಮ್ಮೆ ಅರಳಿ ಮರುಕ್ಷಣ ಹುಳ್ಳಗಾಯಿತು. "ಅಮ್ಮ, ಆ ಲೆಕ್ಕಕ್ಕೆ ಷರತ್ತುಗಳಿವೆ! ಎರಡನೇ ಪುಟದಲ್ಲಿ..."

"ಬರೆದವರು ಹಾಗೇನೂ ಹೇಳಿಲ್ವಲ್ಲ."

"ಬರೆದವನು ನಾನೇ ಕಣಮ್ಮ!" ಎಂದು ರಾಯರು ಕಿರುಚಿದರು.

ಟೀಚರ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಸುಳ್ಳು ಹೇಳ್ಬೇಡಿ. ಅಷ್ಟು ತಿಳ್ಕೊಂಡವರು ಹೀಗೆ ಮನೆ ಇಲ್ಲದೆ ಬೀದಿ ಅಲೀತಾರಾ?"

ರಾಯರು ಗೇಟಿನ ಹೊರಗೆ ಬಂದು ನಿಲ್ಲುವುದಕ್ಕೂ ಹೆಂಡತಿ ಅತ್ತೆಯ ಕೈ ಹಿಡಿದು ಬರುವುದಕ್ಕೂ ಸರಿಹೋಯಿತು. ರಾಯರು ತೊದಲುತ್ತ ನಡೆದದ್ದನ್ನೆಲ್ಲ ಹೇಳಿದರು. ಈಗ ಭೂಮಿ ಬಾಯಿ ಬಿಡುತ್ತದೆ ಎಂದುಕೊಂಡು ಕಣ್ಣು ಮುಚ್ಚಿದರು. ಹೆಂಡತಿ ಕೂಗಾಡಲಿಲ್ಲ. "ಮೊದಲು ಬಂದವರನ್ನ ಬಿಟ್ಟ ಮೇಲೆ ಏನು ಮಾಡ್ಬೇಕಂತೆ ನಿಮ್ಮ ಲೆಕ್ಕದಲ್ಲಿ?" ಎಂದಳು.

"ಅವರಿಗಿಂತ ವಾಸಿಯಾದವರು ಸಿಕ್ಕಿದ ತಕ್ಷಣ ಹಿಡ್ಕೋಬೇಕು."

"ಸರಿ. ನೀವು ಇಲ್ಲೇ ನಿಂತಿರಿ. ಉಸಿರೆತ್ತಬೇಡಿ." ಸೆರಗು ಸರಿಮಾಡಿಕೊಂಡು ತಾಯಿಯ ಜೊತೆ ಒಳಗೆ ನಡೆದಳು.

ತೆರೆದ ಬಾಗಿಲಿನಿಂದ ಮಾತು ಗೇಟಿನವರೆಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಅತ್ತೆ ಜಗಲಿಯ ಮೇಲಿನ ಕುರ್ಚಿಯಲ್ಲಿ ಕೂತು, ರಸ್ತೆ ನೋಡುತ್ತ, ಟೀಚರ್ ದಿನಾ ಶಾಲೆಗೆ ಯಾವ ಬಸ್ಸಿಗೆ ಹೋಗುತ್ತಿದ್ದರು ಎಂದು ವಿಚಾರಿಸಿದರು. ಅದು ಅತ್ತೆ ಟಿಕೆಟ್ ಕೊಡುತ್ತಿದ್ದ ಬಸ್ಸೇ! ಇಬ್ಬರೂ ಆ ಬಸ್ಸಿನ ಡ್ರೈವರನ್ನು ಒಟ್ಟಿಗೆ ಬೈದರು. ಹೆಂಡತಿ ಅಷ್ಟರಲ್ಲಿ ಟೀಚರರ ಕನ್ನಡಕ ಬಿಚ್ಚಿಸಿ, ವಾಲಿದ್ದ ಕಡ್ಡಿಯನ್ನು ನೇರ ಮಾಡಿ ಕೊಟ್ಟಳು.

"ಆಹಾ! ಎಷ್ಟು ಚೆನ್ನಾಗಿ ಕಾಣ್ತಿದೆಯಮ್ಮ!" ಎಂದರು ಟೀಚರ್. "ಈಗ ತಾನೇ ಒಬ್ಬರು ಬಂದಿದ್ರು. ಬರೀ ಕಿರುಚಾಟ. ನೀವು ಎರಡನೆಯವರು, ಅವರಿಗಿಂತ ಎಷ್ಟೋ ವಾಸಿ. ಮೂರನೆಯವರಿಗೆ ಕಾಯಲ್ಲ, ಮನೆ ನಿಮಗೇ. ತಗೊಳ್ಳಿ ಬೀಗದ ಕೈ!"

ಗೇಟಿನ ಬಳಿ ರಾಯರಿಗೆ ಕುಣಿಯಬೇಕೆನ್ನಿಸಿತು. ನೋಡಿದಿರಾ, ನಿಂತಿತಲ್ಲ ನನ್ನ ಲೆಕ್ಕ, ಎಂದು ಇಡೀ ಬೀದಿಗೆ ಕೇಳುವಂತೆ ಕೂಗುವ ಆಸೆ ಗಂಟಲವರೆಗೆ ಬಂತು. ಆದರೆ ಬಾಯಿ ಬಿಟ್ಟರೆ ಮನೆ ಹೋಗುತ್ತದೆ, ಮುಚ್ಚಿಕೊಂಡರೆ ಮಾನ ಹೋಗುತ್ತದೆ. ಜಗಲಿಯ ಮೇಲೆ ಕಾಲು ಚಾಚಿ ಕೂತ ಅತ್ತೆಯನ್ನು ನೋಡಿ, ಮಾನ ಹೋದರೆ ಹೋಗಲಿ ಎಂದು ಬಾಯಿ ಮುಚ್ಚಿಕೊಂಡರು.

"ಮನೇಲಿ ಯಾರ್ಯಾರು ಇರ್ತೀರಮ್ಮ?" ಎಂದು ಟೀಚರ್ ಕೇಳಿದರು.

"ನಾನು, ಅಮ್ಮ..." ಹೆಂಡತಿ ಹೊರಗೆ ಬೆರಳು ತೋರಿಸಿದಳು. "ಮತ್ತೆ ಗೇಟ್ ಹತ್ತಿರ ನಿಂತಿದ್ದಾರಲ್ಲ, ಅವರು."

ಟೀಚರ್ ಹೊಸದಾಗಿ ಸರಿಯಾದ ಕನ್ನಡಕದಿಂದ ಗೇಟಿನ ಕಡೆ ದಿಟ್ಟಿಸಿದರು. "ಅಯ್ಯೋ, ಅವರಾ! ಅವರನ್ನ ಈಗ ತಾನೇ ನೋಡಿ ಬಿಟ್ಟೆನಲ್ಲಮ್ಮ! ನೀವ್ಯಾಕೆ ಬಿಡ್ಲಿಲ್ಲ?"

"ಏನು ಮಾಡೋದು ಟೀಚರ್," ಎಂದು ಹೆಂಡತಿ ನಿಟ್ಟುಸಿರಿಟ್ಟಳು. "ನನ್ನ ಮದುವೆ ಹೊತ್ತಿಗೆ ಈ ಸಂಶೋಧನೆ ಇನ್ನೂ ಬಂದಿರಲಿಲ್ಲ. ಮೊದಲು ನೋಡಿದವರನ್ನೇ ಒಪ್ಕೊಂಡ್ಬಿಟ್ಟೆ!"