ಹಕ್ಕಿಯ ಕಡೆಯವರು

ನನ್ನ ಚಿಕ್ಕಮ್ಮನಿಗೂ ವಿಮಾನಗಳಿಗೂ ಮಾತಿಲ್ಲ! ನೆಂಟರೊಡನೆ ಮಾತು ಬಿಟ್ಟವರನ್ನು ನೀವು ನೋಡಿರುತ್ತೀರಿ. ಪಕ್ಕದ ಮನೆಯವರೊಡನೆ ಬಿಟ್ಟವರಂತೂ ಬೀದಿಗೆ ಇಬ್ಬರು ಸಿಗುತ್ತಾರೆ. ಆದರೆ ಒಂದು ಇಡೀ ಸಾರಿಗೆ ವ್ಯವಸ್ಥೆಯೊಡನೆ ಮಾತು ಬಿಟ್ಟವರು ತಮಿಳು ಸೀಮೆಯ ಅಂಚಿನ ನಮ್ಮ ಹೊಸೂರಿನಲ್ಲಿ ಅವಳೊಬ್ಬಳೇ. ತಲೆಯ ಮೇಲೆ ವಿಮಾನ ಹೋದರೆ ಸರಕ್ಕನೆ ಮುಖ ತಿರುಗಿಸುತ್ತಾಳೆ. ಆಮೇಲೆ, ಅದಕ್ಕೆ ಅವಮಾನವಾಯಿತೋ ಇಲ್ಲವೋ ಎಂದು ಓರೆಗಣ್ಣಿನಲ್ಲಿ ನೋಡುತ್ತಾಳೆ.

ಜಗಳ ಶುರುವಾದದ್ದು ಒಂದು ಭಾನುವಾರ, ನಾನು ಅವಳ ಮನೆಯಲ್ಲಿ ಕಾಫಿ ಕುಡಿಯುತ್ತ ಪತ್ರಿಕೆ ಓದುತ್ತಿದ್ದಾಗ. ಎಲ್ಲೋ ಯಾವುದೋ ವಿಮಾನಕ್ಕೆ ಹಕ್ಕಿ ಡಿಕ್ಕಿ ಹೊಡೆದಿತ್ತು. ವಿಮಾನ ತುರ್ತಾಗಿ ಇಳಿದಿತ್ತು. ಪ್ರಯಾಣಿಕರೆಲ್ಲ ಕ್ಷೇಮವಾಗಿದ್ದರು. ಸುದ್ದಿ ಓದಿ ನಾನು ದೊಡ್ಡದಾಗಿ ಉಸಿರು ಬಿಟ್ಟೆ. ನಾನು ಕಾರ್ಖಾನೆಯೊಂದರಲ್ಲಿ ಸುರಕ್ಷತಾ ಅಧಿಕಾರಿ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಬಸ್ಸು ಇಳಿದು ಮನೆಗೆ ಓಡುವ ಜಾತಿ. ಕಾಣದ ಊರಿನ ಕಾಣದ ವಿಮಾನಕ್ಕೂ ನನ್ನ ಎದೆ ಹೊಡೆದುಕೊಳ್ಳುತ್ತದೆ.

"ಹಕ್ಕಿ?" ಎಂದಳು ಚಿಕ್ಕಮ್ಮ.

"ಯಾವ ಹಕ್ಕಿ?"

"ಡಿಕ್ಕಿ ಹೊಡೀತು ಅಂದ್ಯಲ್ಲ, ಆ ಹಕ್ಕಿ. ಅದು ಕ್ಷೇಮವಾ?"

"ಅದನ್ನ ಬರೆದಿಲ್ಲ ಚಿಕ್ಕಮ್ಮ."

"ಯಾಕ್ ಬರೀತಾರೆ? ಗುದ್ದಿದೋನು ಒಳ್ಳೇನು, ಸತ್ತೋನ ಮೇಲೆ ಕೇಸು! ಅಲ್ಲ ಕಣ್ಲಾ, ಆ ಹಕ್ಕಿ ಏನು ಬೆಳಿಗ್ಗೆ ಎದ್ದು, ಇವತ್ತು ಯಾವ ವಿಮಾನಕ್ಕೆ ಗುದ್ದಾನ ಅಂತ ಮರದ ಮೇಲೆ ಕುಂತು ಯೋಚ್ನೆ ಮಾಡ್ತಿತ್ತಾ? ಅದು ಅದರ ದಾರೀಲಿ ಹೋಯ್ತಿತ್ತು. ಆಕಾಶ ಯಾರ್ದು? ಮೊದ್ಲು ಯಾರು ಹಾರಿದ್ದು?"

ನಾನು ಪತ್ರಿಕೆ ಮಡಿಸಿಟ್ಟೆ. ಕಾಫಿ ತಣ್ಣಗಾಯಿತು. ಅದರ ಜೊತೆಗೆ ಒಂದು ಚಳವಳಿ ಹುಟ್ಟಿತು. ಅಧ್ಯಕ್ಷೆ, ಕಾರ್ಯದರ್ಶಿ, ಸದಸ್ಯವೃಂದ ಎಲ್ಲ ಅವಳೇ. ನಾನು ಉಪಾಧ್ಯಕ್ಷನೆಂಬುದು ನನಗೆ ತಿಳಿದದ್ದು ಆಮೇಲೆ, ತರಕಾರಿ ಅಂಗಡಿಯವನು ಅಭಿನಂದಿಸಿದಾಗ.

ಚಳವಳಿಯ ಮೊದಲ ಬೇಡಿಕೆ: ವಿಮಾನಗಳಿಗೆ ಹಾರ್ನ್ ಇರಬೇಕು. "ಲಾರಿಗೈತೆ, ಬಸ್ಸಿಗೈತೆ, ಹಾಲಿನೋನ ಸೈಕಲ್‌ಗೂ ಬೆಲ್ಲೈತೆ. ಅಷ್ಟು ದೊಡ್ಡ ವಿಮಾನಕ್ಕೆ ಒಂದು ಹಾರ್ನ್ ಹಾಕೋಕೆ ಏನು ರೋಗ?" ವಿಮಾನದ ಸದ್ದೇ ಹಾರ್ನಿಗಿಂತ ಜೋರಲ್ಲವೇ ಎಂದು ನಾನು ಕೇಳಿದೆ. "ನಿಮ್ಮ ಚಿಕ್ಕಪ್ಪನ ಗೊರಕೆನೂ ಜೋರಾಗಿತ್ತು. ಅದ್ರಿಂದ ಯಾರಾದ್ರೂ ದಾರಿ ಬಿಟ್ರಾ?" ಎಂದಳು. ನಾನು ದಾರಿ ಬಿಟ್ಟೆ.

ಎರಡನೆಯದು ಶ್ರದ್ಧಾಂಜಲಿ ಪ್ರಕರಣ. ನಮ್ಮೂರಿನಲ್ಲಿ ಯಾರಾದರೂ ತೀರಿಕೊಂಡರೆ ಅವರ ಚಿತ್ರ ಹಾಕಿ, 'ಕಣ್ಣೀರ್ ಅಂಜಲಿ' ಎಂದು ತಮಿಳಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ, ಬಸ್ ಸ್ಟ್ಯಾಂಡಿನಿಂದ ಸ್ಮಶಾನದ ತನಕ ಗೋಡೆಗಳಿಗೆ ಅಂಟಿಸುತ್ತಾರೆ. ಬದುಕಿದ್ದಾಗ ಯಾರೂ ತಿರುಗಿ ನೋಡದವರು ಕೂಡ ಸತ್ತ ಮೇಲೆ ಕೂಲಿಂಗ್ ಗ್ಲಾಸು ಹಾಕಿಕೊಂಡು ಗೋಡೆಯ ಮೇಲಿಂದ ನಗುತ್ತಿರುತ್ತಾರೆ. ಆ ಹಕ್ಕಿಗೂ ಇದು ಸಲ್ಲಬೇಕೆಂದು ಚಿಕ್ಕಮ್ಮ ಹಟ ಹಿಡಿದಳು. ಸತ್ತದ್ದು ಯಾವ ಹಕ್ಕಿಯೋ ನಮಗೇನು ಗೊತ್ತು ಎಂದೆ. "ಗರುಡ ಅಂತ ಹಾಕ್ಸಾನ. ಮರ್ಯಾದೆಯಾಗಿರ್ತದೆ. ಸತ್ತಿರೋದು ನಿಜ ತಾನೇ?"

ಫ್ಲೆಕ್ಸ್ ಅಂಗಡಿಯವನು ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದ: "ಪೇರ್ ಸೊಲ್ಲುಂಗಮ್ಮಾ. ಹೆಸ್ರು?"

"ಗರುಡ."

"ಅಪ್ಪಾ ಹೆಸ್ರು?"

"ಅವ್ನೂ ಗರುಡನೇ."

"ಹಂಗಾದ್ರೆ ಇನಿಷಿಯಲ್ 'ಗ' ಹಾಕ್ತೀನಮ್ಮಾ. ಫೋಟೋ ಶರ್ಟ್ ಹಾಕಿರೋದು ಕೊಡಿ, ಚೆನ್ನಾಗ್ ಬರುತ್ತೆ."

ಹೀಗೆ 'ಗ. ಗರುಡನ್' ಅವರ ಅಗಲಿಕೆಯ ಸುದ್ದಿ ಚಿಕ್ಕಮ್ಮನ ಗೇಟಿಗೆ ನೇತುಬಿದ್ದಿತು. ಕೆಳಗೆ 'ದುಃಖದಲ್ಲಿರುವ ಹೆಂಡತಿ, ಮರಿಗಳು ಮತ್ತು ಕೆರೆ ಏರಿಯ ಬಂಧುಮಿತ್ರರು' ಎಂದಿತ್ತು. ಮಾರನೆಯ ದಿನವೇ ಕಾರ್ಖಾನೆಯ ನಿವೃತ್ತ ಕಾರ್ಮಿಕರೊಬ್ಬರು ಸುದ್ದಿ ಕೇಳಿ, ಕನ್ನಡಕ ಮರೆತು, ಹೂವಿನ ಹಾರ ಹಿಡಿದು ಬಂದರು. "ಅಯ್ಯೋ ಪಾವಂ. ಯಾವ ಸೆಕ್ಷನ್ನಲ್ಲಿ ಇದ್ರಮ್ಮಾ?" ಎಂದು ಚಿಕ್ಕಮ್ಮನನ್ನು ಕೇಳಿದರು.

"ಮೇಲ್ಗಡೆ."

"ಓ! ಮ್ಯಾನೇಜ್ಮೆಂಟಾ!" ಎಂದವರೇ ಹಾರ ಹಾಕಿ, ಭಕ್ತಿಯಿಂದ ಕೈಮುಗಿದು ಹೋದರು.

ಚಿಕ್ಕಮ್ಮನ ಮನೆ ಇರುವುದು ಊರಂಚಿನಲ್ಲಿ. ಅಲ್ಲಿಗೆ ಹತ್ತಿರದಲ್ಲೇ, ಬೇಲಿಯಾಚೆ, ಸಣ್ಣ ವಿಮಾನಗಳು ಏರಿಳಿಯುವ ಒಂದು ರನ್‌ವೇ ಇದೆ. ಹಕ್ಕಿ ಓಡಿಸಲು ಅಲ್ಲಿ ಪಟಾಕಿ ಹೊಡೆಯುತ್ತಾರೆಂದು ತಿಳಿದದ್ದೇ ತಡ, ಚಿಕ್ಕಮ್ಮ ಕೊಡೆ ಹಿಡಿದು ರನ್‌ವೇಯ ಗೇಟಿನ ಮುಂದೆ ಧರಣಿ ಕೂತಳು. ಕಾವಲಿನವನು ಪಾಪ, ಕುರ್ಚಿ ತಂದುಕೊಟ್ಟ. ಕ್ಯಾಂಟೀನಿನಿಂದ ಟೀ ತರಿಸಿಕೊಟ್ಟ. ಅಲ್ಲಿ ಅವನು ಕೆಟ್ಟ! ಚಿಕ್ಕಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು. ಶಿಫ್ಟು ಶಿಫ್ಟಿಗೆ ಇಡೀ ಕಾರ್ಖಾನೆಯನ್ನು ಉಣಿಸಿದವಳು. ಒಂದು ಗುಟುಕು ಕುಡಿದು, "ಇದು ಟೀನಾ? ಪಾತ್ರೆ ತೊಳೆದ ನೀರಾ? ಯಾವೋನ್ಲಾ ಮಾಡಿದ್ದು, ತೋರ್ಸು!" ಎಂದು ಒಳಗೆ ನುಗ್ಗಿದಳು. ಸಂಜೆ ನಾನು ಗಾಬರಿಯಿಂದ ಹುಡುಕಿಕೊಂಡು ಹೋದರೆ, ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಹೊರಗೆ ಅವಳ ಕುರ್ಚಿಯಲ್ಲಿ ಕಾವಲಿನವನು ಕೂತಿದ್ದ. ಕೈಯಲ್ಲಿ ಅವಳ ಕೊಡೆ.

"ಪಾಟಿ, ಅಜ್ಜಿ, ಹಿಡ್ಕೋ ಅಂದ್ರು ಸಾರ್," ಎಂದ. "ಧರಣಿ ನಡುವೆ ನಿಲ್ಲಿಸ್ಬಾರ್ದಂತೆ."

ಇಷ್ಟೆಲ್ಲ ಮಾಡಿದವಳು ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಟ್ಟದ್ದು ಯಾರಿಗೆ ಗೊತ್ತೇ? ವಿಮಾನ ಹಾರಿಸಲು ಕಲಿಯುತ್ತಿದ್ದ ಹುಡುಗಿಗೆ! ಕೃಷ್ಣಗಿರಿ ಕಡೆಯ ಮಾವಿನ ತೋಪಿನವರ ಮಗಳು, ಸೆಲ್ವಿ. ಮನೆಯಲ್ಲಿ ಯಾರಿಗೂ ಇಷ್ಟವಿರದಿದ್ದರೂ ಅತ್ತು ಕರೆದು ತರಬೇತಿಗೆ ಸೇರಿದವಳು. ಶತ್ರುಪಕ್ಷದವಳಿಗೆ ಮನೆ ಕೊಟ್ಟೆಯಲ್ಲ ಎಂದು ಚಿಕ್ಕಮ್ಮನನ್ನು ಕೆಣಕಿದೆ. "ವಿಮಾನದ ಮೇಲೆ ಕೋಪ ಕಣ್ಲಾ, ಅದರೊಳಗೆ ಕುಂತಿರೋರು ಉಣ್ಣಬ್ಯಾಡ್ವಾ?" ಎಂದಳು. ದಿನಾ ಬೆಳಿಗ್ಗೆ ಹುಡುಗಿಯ ಡಬ್ಬಿಗೆ ತುಪ್ಪ ಹಾಕಿದ ಚಿತ್ರಾನ್ನ ತುಂಬಿಸುವಳು. ತುಂಬಿಸುತ್ತಲೇ, "ಮೇಲೆ ನಮ್ಮೋರು ಸಿಕ್ಕಿದ್ರೆ ಸೈಡ್ ಕೊಡು" ಎಂದು ತಾಕೀತು ಮಾಡುವಳು. ಹುಡುಗಿ "ಸರಿ ಅಮ್ಮಾ" ಎನ್ನುವಳು.

ಮಧ್ಯಾಹ್ನ 'ನಮ್ಮೋರ' ಊಟದ ಹೊತ್ತು. ನಮ್ಮ ಕಡೆ ಮೊದಲ ತುತ್ತು ಕಾಗೆಗೆ ಇಟ್ಟು ಉಣ್ಣುವುದು ಹಲವು ಮನೆಗಳಲ್ಲಿ ಇದ್ದದ್ದೇ. ಚಿಕ್ಕಮ್ಮನದು ತುತ್ತಲ್ಲ, ಪಂಕ್ತಿ! ತಾರಸಿಗೆ ಹೋಗಿ ಸೌಟಿನಿಂದ ತಟ್ಟೆ ಬಡಿದಳೆಂದರೆ ಕಾಗೆಗಳಿಗೆ ಅನ್ನ, ಹದ್ದು ಗರುಡಗಳಿಗೆ ಮಟನ್ ಅಂಗಡಿಯಿಂದ ತಂದ ಚೂರುಗಳು. ಇಡೀ ಹೊಸೂರಿನ ರೆಕ್ಕೆಗಳೆಲ್ಲ ಅವಳ ತಲೆಯ ಮೇಲೆ ಸುತ್ತುತ್ತಿದ್ದವು. ನಾನು ಅಲ್ಲೇ ನೆರಳಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದೆ. ಅಪಾಯ ಹುಡುಕುವುದಕ್ಕೇ ಸಂಬಳ ತೆಗೆದುಕೊಳ್ಳುವ ನನಗೆ ಆಗ ಇದ್ದ ಚಿಂತೆಯೆಂದರೆ ಒಂದೇ: ಮೇಲಿಂದ ಮೊಸರನ್ನಕ್ಕೆ ಏನಾದರೂ ಬಿದ್ದೀತೇ?

ಆ ದಿನವೂ ಹಾಗೆಯೇ ಕೂತಿದ್ದೆ. ಗರುಡವೊಂದು ಚೂರು ಕಚ್ಚಿಕೊಂಡು ಮೇಲೆದ್ದಿತು. ಬೇಲಿಯ ಕಡೆಯಿಂದ ಪುಟ್ಟ ಬಿಳಿ ವಿಮಾನ ಇಳಿಯುತ್ತಿತ್ತು. ದಪ್ಪ ಪುಸ್ತಕ ನೆಲಕ್ಕೆ ಬಿದ್ದಂಥ ಒಂದು ಸದ್ದು. ವಿಮಾನ ಒಂದು ಕಡೆಗೆ ವಾಲಿತು, ಮತ್ತೆ ನೇರವಾಯಿತು, ಬೇಲಿಯ ಹಿಂದೆ ಮರೆಯಾಯಿತು.

ಚಿಕ್ಕಮ್ಮನ ಕೈಯಿಂದ ತಟ್ಟೆ ಬಿತ್ತು. ಅವಳು ಚಪ್ಪಲಿ ಇಲ್ಲದೆ ಓಡಿದಳು. ಹಿಂದೆ ನಾನು. ಆ ವಿಮಾನದಲ್ಲಿ ಯಾರಿದ್ದರೋ ನಮಗೆ ಗೊತ್ತಿರಲಿಲ್ಲ. ಆದರೂ ಗೊತ್ತಿತ್ತು.

ಸೆಲ್ವಿ ಕ್ಯಾಂಟೀನಿನ ಬೆಂಚಿನ ಮೇಲೆ ಕೂತಿದ್ದಳು. ಮುಂದಿನ ಗಾಜು ಒಡೆದು ಹಣೆಗೆ ಗಾಯವಾಗಿ ಪಟ್ಟಿ ಹಾಕಿದ್ದರು. ಚಿಕ್ಕಮ್ಮನನ್ನು ಕಂಡದ್ದೇ ಬಿಕ್ಕಿ ಬಿಕ್ಕಿ ಅತ್ತಳು. "ಸಾರಿ ಅಮ್ಮಾ... ಸೈಡ್ ಕೊಡೋಕೆ ಆಗ್ಲಿಲ್ಲಮ್ಮಾ... ಗರುಡ ಸತ್ತೋಯ್ತು."

ಚಳವಳಿಯ ಅಧ್ಯಕ್ಷೆ ಏನನ್ನುತ್ತಾಳೋ ಎಂದು ನಾನು ಉಗುರು ಕಚ್ಚಿದೆ. ಅವಳು ಹುಡುಗಿಯ ಕೈ ಹಿಡಿದು ಬೆರಳು ಬೆರಳನ್ನೂ ಒತ್ತಿ ನೋಡಿದಳು. ಆಮೇಲೆ ಕೇಳಿದಳು: "ಊಟ ಆಯ್ತೇನವ್ವಾ?"

ಆಗಿರಲಿಲ್ಲ. ತಾನೇ ಕಲಸಿ ತಿನ್ನಿಸಿದಳು. ತಿನ್ನಿಸುತ್ತ ಮೆಲ್ಲಗೆ, "ಅದು ನಮ್ಮನೆ ತಾರಸಿಯಿಂದಲೇ ಎದ್ದಿದ್ದು. ನಾನು ನೋಡ್ದೆ," ಎಂದಳು.

"ಗೊತ್ತಮ್ಮಾ," ಎಂದಳು ಸೆಲ್ವಿ. "ದಿನಾ ಮೇಲಿಂದ ಕಾಣುತ್ತೆ. ನಮ್ಮ ಮನೆ ಮೇಲೆ ಮಾತ್ರ ಹಕ್ಕಿ ಕೊಡೆ ಹಿಡಿದಂಗೆ ಇರುತ್ತೆ. ಹೇಳಿದ್ರೆ ನೀವು ನಿಲ್ಲಿಸ್ಬುಡ್ತೀರಿ ಅಂತ ಹೇಳ್ಲಿಲ್ಲ."

ಚಿಕ್ಕಮ್ಮ ಮುಂದಿನ ತುತ್ತನ್ನು ಇನ್ನಷ್ಟು ದೊಡ್ಡದಾಗಿ ಕಲಸಿ ಅವಳ ಬಾಯಿಗಿಟ್ಟಳು.

ಮರುದಿನದಿಂದ ತಾರಸಿಯ ಬಾಗಿಲಿಗೆ ಬೀಗ ಬಿತ್ತು. ಹೊತ್ತಿಗೆ ಸರಿಯಾಗಿ ಹಕ್ಕಿಗಳು ಬಂದವು. ಕಾಗೆಗಳು ಕಟ್ಟೆಯ ಮೇಲೆ ಸಾಲಾಗಿ ಕೂತು ಕೂಗಿದವು. ಕಿಟಕಿಯವರೆಗೂ ಬಂದು ಕೂಗಿದವು. ಚಿಕ್ಕಮ್ಮ ಕಿಟಕಿ ಹಾಕಿದಳು. ಸದ್ದು ನಿಲ್ಲಲಿಲ್ಲ. ಅಡುಗೆಮನೆಗೆ ಹೋಗಿ ಮಿಕ್ಸಿ ಹಾಕಿದಳು. ನಾನು ಇಣುಕಿ ನೋಡಿದೆ. ಜಾರಿನಲ್ಲಿ ಏನೂ ಇರಲಿಲ್ಲ.

ಕಾಗೆಗಳು ಬರುವುದನ್ನು ಬಿಟ್ಟ ಮೇಲೆ ಒಂದು ದಿನ ಫೋನು ಮಾಡಿದಳು: "ಬಾರ್ಲಾ, ಬಸ್ಸಿಗೆ ಹೋಗಾನ." ಡೆಂಕಣಿಕೋಟೆ ಕಡೆಯ ಬಸ್ಸಿನಲ್ಲಿ, ಮಡಿಲಲ್ಲಿ ದೊಡ್ಡ ಪಾತ್ರೆ ಇಟ್ಟುಕೊಂಡು ಕೂತಳು. "ಏನ್ ಪಾಟಿ, ಯಾರ್ ಮನೇಲಿ ವಿಶೇಷ?" ಎಂದ ಕಂಡಕ್ಟರ್. "ಹದ್ದಿನ ಮನೇಲಿ," ಎಂದಳು. ಅವನು ಟಿಕೆಟ್ ಹರಿದ. ಆ ಕಡೆ ಆನೆಗಳು ಬರುತ್ತವಲ್ಲ ಎಂದು ನಾನು ದಾರಿಯುದ್ದಕ್ಕೂ ಬೆವರಿದೆ.

ರನ್‌ವೇಯಿಂದ ಬಹುದೂರದ ಒಂದು ಕೆರೆಯ ಏರಿಯ ಮೇಲೆ ಕೂತೆವು. ಎಲೆಯ ಮೇಲೆ ಅನ್ನ ಹಾಕಿದಳು. ಹಕ್ಕಿಗಳು ಮರದಿಂದಲೇ ನೋಡಿದವು. ಒಂದೂ ಬರಲಿಲ್ಲ.

"ಬರಲ್ವೇನೋ ಚಿಕ್ಕಮ್ಮ."

"ಗುರ್ತಿಲ್ಲದೋರು ಕರೆದ್ರೆ ನೀನು ಉಣ್ಣಕ್ಕೆ ಹೋಗ್ತೀಯಾ? ಒಸಿ ಸುಮ್ಕೆ ಕುಂತ್ಕೋ."

ಬಿಸಿಲು ಏರಿತು. ಕೊನೆಗೆ ಒಂದು ಕಾಗೆ ಬಂತು. ಅದರ ಹಿಂದೆ ಇನ್ನಷ್ಟು. ಹದ್ದುಗಳು ನೀರಿನ ಮೇಲಿಂದ ಒಂದೊಂದಾಗಿ ಎದ್ದು ಸುತ್ತತೊಡಗಿದವು. ಅಷ್ಟರಲ್ಲಿ ದೂರದಿಂದ ಗುಂಯ್ ಎಂದು ಸದ್ದು. ಕೃಷ್ಣಗಿರಿಯ ದಿಕ್ಕಿಗೆ ಪುಟ್ಟ ಬಿಳಿ ವಿಮಾನವೊಂದು ಹೋಗುತ್ತಿತ್ತು. ಸೆಲ್ವಿ ಆ ವಾರವಷ್ಟೇ ಮತ್ತೆ ಹಾರಲು ಶುರುಮಾಡಿದ್ದಳು.

ಚಿಕ್ಕಮ್ಮ ಎದ್ದು ನಿಂತಳು. ಅನ್ನ ಮೆತ್ತಿದ ಕೈಯನ್ನು ಹದ್ದುಗಳತ್ತ ಬೀಸಿ ಬೀಸಿ ಕೂಗಿದಳು: "ಏಯ್, ಒಸಿ ಸರ್ಕೊಳ್ರೋ! ಸರ್ಕೊಳ್ರಪ್ಪಾ! ನಮ್ಮುಡುಗಿ ಬತ್ತಾವ್ಳೆ!"

ವಿಮಾನ ಎಷ್ಟು ಎತ್ತರದಲ್ಲಿತ್ತೆಂದರೆ ಕೆರೆಯ ಯಾವ ಹಕ್ಕಿಯೂ ಅದರ ಹತ್ತಿರಕ್ಕೆ ಹೋಗುವಂತಿರಲಿಲ್ಲ. ಜನ್ಮದಲ್ಲಿ ಮೊದಲ ಬಾರಿಗೆ, ಇಲ್ಲಿ ಯಾವ ಅಪಾಯವೂ ಇಲ್ಲವೆಂದು ನನಗೆ ಖಚಿತವಾಗಿ ಗೊತ್ತಿತ್ತು. ಅದನ್ನು ಚಿಕ್ಕಮ್ಮನಿಗೆ ಹೇಳಲಿಲ್ಲ. ನಾನೂ ಎದ್ದು ಅವಳ ಪಕ್ಕದಲ್ಲಿ ನಿಂತು ಕೈ ಬೀಸತೊಡಗಿದೆ.