ಮಾವ, ನಾನು ಮತ್ತು ಜಜ್ಜಿದ ಸೌತೆಕಾಯಿ

ಸಾವಾದ ಮನೆಯಲ್ಲಿ ನಗಬಾರದು ಅಂತ ದೊಡ್ಡವರು ಹೇಳ್ತಾರೆ. ನಾವೇನೋ ಕೇಳ್ತೀವಿ. ಆದರೆ ನಗೆಪಾಟಲಿನ ಪ್ರಸಂಗಗಳಿಗೆ ಅದನ್ನ ತಿಳಿಸಿ ಹೇಳೋರು ಯಾರು? ಅವು ಸೂತಕ ಗೀತಕ ನೋಡದೆ ಬಾಗಿಲು ತಳ್ಳಿಕೊಂಡು ಒಳಗೆ ಬಂದುಬಿಡ್ತವೆ.

ತೊಂಬತ್ತರ ದಶಕದ ಕೊನೆ. ನನ್ನ ಹೆಂಡತಿ ಕೆಟ್ಟ ಜ್ವರವೊಂದಕ್ಕೆ ಸಿಕ್ಕಿ ತೀರಿಕೊಂಡಳು. ಮಕ್ಕಳಿರಲಿಲ್ಲ. ನಮ್ಮದು ಹಲಸೂರಿನಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ. ನನಗೆ ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಕೆಲಸ. ಕಾರ್ಯಕ್ಕೆ ಬಂದಿದ್ದ ನೆಂಟರೆಲ್ಲ ಹೋದರು. ಅವಳ ಅಪ್ಪ ಹೋಗಲಿಲ್ಲ. ಕೆ.ಆರ್. ಪುರದ ಆಚೆಯ ಹಳ್ಳಿಯವರು, ಸ್ಕೂಲಿನಲ್ಲಿ ಡ್ರಿಲ್ ಮಾಸ್ಟರಾಗಿ ನಿವೃತ್ತರಾದವರು. ನಮ್ಮತ್ತೆ ಹೋಗಿ ಎಷ್ಟೋ ವರ್ಷವಾಗಿತ್ತು. ಇದ್ದವಳು ಒಬ್ಬಳೇ ಮಗಳು. ಹೊರಡುವ ದಿನ ಮಾವ ಬ್ಯಾಗು ಹಿಡಿದು ಬಾಗಿಲತನಕ ಬಂದರು, ಚಪ್ಪಲಿ ಮೆಟ್ಟಿಕೊಂಡರು, ‘ಬಿಸಿಲು ಜಾಸ್ತಿ ಇದೆ’ ಅಂತ ಹೇಳಿ ಚಪ್ಪಲಿ ಬಿಟ್ಟು ವಾಪಸ್ ಬಂದು ಕೂತರು. ನಾನು ಬ್ಯಾಗು ಎತ್ತಿ ಒಳಗಿಟ್ಟೆ.

ಹೀಗೆ ಇಬ್ಬರು ಗಂಡಸರು ಒಂದು ಮನೆಯಲ್ಲಿ ಉಳಿದೆವು. ಮಾತು ಅಂದರೆ ‘ಅಳಿಯಂದಿರು ಕಾಫಿ ಕುಡಿದ್ರಾ?’, ‘ಆಯ್ತು, ನಿಮ್ಮದು?’ ಇಷ್ಟೇ. ಅಡುಗೆ ಇಬ್ಬರಿಗೂ ಬಾರದು.

೧. ಕೋಪ ಇದ್ಯಾ?

ನನ್ನ ಹೆಂಡತಿ ಬೆನ್ಸನ್ ಟೌನಿನ ಒಂದು ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುತ್ತಿದ್ದಳು. ಅದನ್ನು ನಡೆಸುತ್ತಿದ್ದ ಮೇಡಂ ಚೀನಾ ಮೂಲದವರು. ಅಜ್ಜನ ಕಾಲದಲ್ಲೇ ಬಂದು ಕಂಟೋನ್ಮೆಂಟಿನಲ್ಲಿ ನೆಲೆ ನಿಂತ ಕುಟುಂಬ. ತಮಿಳು, ಉರ್ದು, ಇಂಗ್ಲಿಷು ಮೂರನ್ನೂ ಒಂದೇ ಉಸಿರಿಗೆ ಆಡುತ್ತಿದ್ದರು. ಅದರ ಸಂದಿಯಲ್ಲಿ ಕನ್ನಡ ನುಸುಳಿ ಬರುತ್ತಿತ್ತು.

ಒಂದು ಭಾನುವಾರ ಅವರು ನಮ್ಮನ್ನು ಮಾತಾಡಿಸಲು ಬಂದರು. ಅಡುಗೆಮನೆ ನೋಡಿ ಅಲ್ಲೇ ನಿಂತುಬಿಟ್ಟರು. ಒಲೆ ತಣ್ಣಗಿತ್ತು. ಬುಟ್ಟಿ ತುಂಬ ಸೌತೆಕಾಯಿ. ಬೇಯಿಸದೆ ತಿನ್ನಬಹುದಾದ ತರಕಾರಿ ಅಂತ ಮಾವನಿಗೆ ಗೊತ್ತಿದ್ದದ್ದು ಅದೊಂದೇ. ಹಾಗಾಗಿ ಮಾರ್ಕೆಟ್ಟಿಗೆ ಹೋದಾಗಲೆಲ್ಲ ಅದನ್ನೇ ತರುತ್ತಿದ್ದರು. ಅವರು ಅರ್ಧ, ನಾನು ಅರ್ಧ, ಉಪ್ಪು ಹಚ್ಚಿಕೊಂಡು ಎಮ್ಮೆಗಳ ಹಾಗೆ ಮೆಲ್ಲುತ್ತಿದ್ದೆವು.

‘ಇದನ್ನ ಅವಳು ಮಾಡಿಕೊಡ್ತಿರಲಿಲ್ವಾ? ಸೌತೆಕಾಯಿ, ಬೆಳ್ಳುಳ್ಳಿ, ಖಾರ ಎಲ್ಲ ಹಾಕಿ?’ ಅಂತ ಮೇಡಂ ಕೇಳಿದರು.

‘ಇಲ್ವಲ್ಲ.’

‘ದಿನಾ ಮಧ್ಯಾಹ್ನ ಪಾರ್ಲರಲ್ಲಿ ನನ್ನ ಡಬ್ಬಿಯಿಂದ ತಿಂತಿದ್ದಳು. ಮನೇಲೂ ಮಾಡು ಅಂದ್ರೆ, ಅವರಿಬ್ಬರಿಗೂ ಖಾರ ಆಗಲ್ಲ ಅಂತಿದ್ದಳು.’

ನಾವಿಬ್ಬರೂ ನೆಲ ನೋಡಿದೆವು. ಅವಳು ಖಾರ ತಿನ್ನುತ್ತಿದ್ದ ವಿಷಯ ಅಪ್ಪನಿಗೂ ಗೊತ್ತಿರಲಿಲ್ಲ, ಗಂಡನಿಗೂ ಗೊತ್ತಿರಲಿಲ್ಲ.

ಮೇಡಂ ಸೀರೆ ಸೆರಗು ಸಿಕ್ಕಿಸಿದರು. ನಾನು ಚಾಕು ಕೊಡಲು ಹೋದೆ. ‘ನೈಫ್ ಬೇಡ ಸಾರ್. ಹೆಚ್ಚಿದ್ರೆ ಖಾರ ಮೇಲೇ ಜಾರಿ ಹೋಗುತ್ತೆ. ಜಜ್ಜಿದ್ರೆ ಬಿರುಕಿನೊಳಗೆ ಇಳಿಯುತ್ತೆ’ ಅಂದು ಲಟ್ಟಣಿಗೆ ತೆಗೆದು ಮಾವನ ಕೈಗೆ ಕೊಟ್ಟರು. ಮಾವ ಮಗುವನ್ನು ತಟ್ಟುವ ಹಾಗೆ ಸೌತೆಕಾಯಿಯನ್ನು ತಟ್ಟಿದರು.

‘ಹಿಂಗಲ್ಲ. ಕೋಪ ಬೇಕು. ಯಾರ ಮೇಲಾದ್ರೂ ಕೋಪ ಇದ್ಯಾ?’

‘ದೇವರ ಮೇಲೆ ಇದೆ’ ಅಂದರು ಮಾವ.

‘ಸಾಕು. ಹೊಡೀರಿ.’

ಮಾವ ಕೈ ಎತ್ತಿ ಹೊಡೆದ ರಭಸಕ್ಕೆ ಸೌತೆಕಾಯಿ ಸಿಡಿಯಿತು. ಒಂದು ಚೂರು ಹಾರಿ, ಗೋಡೆಗೆ ಬಡಿದು, ನೇರ ದೇವರ ಗೂಡಿನೊಳಗೆ ಬಿತ್ತು. ನಾವಿಬ್ಬರೂ ಬೆಚ್ಚಿಬಿದ್ದೆವು. ಮೇಡಂ ಮಾತ್ರ ತಲೆಯಾಡಿಸಿದರು:

‘ಸರಿಯಾದ ಅಡ್ರೆಸ್ಸಿಗೇ ಹೋಯ್ತು.’

೨. ಮಹಡಿ ಮೇಲಿನ ಸದ್ದು

ಅವತ್ತಿನಿಂದ ದಿನಾ ಸಂಜೆ ನಮ್ಮ ಮನೆಯಲ್ಲಿ ಅದೇ ಕೆಲಸ. ಮಾವ ಜಜ್ಜುವುದು, ನಾನು ಕೈಯಲ್ಲಿ ಮುರಿದು ಉಪ್ಪು ಸವರಿ ಪಕ್ಕಕ್ಕಿಡುವುದು. ನೀರು ಬಿಟ್ಟಮೇಲೆ ಬಸಿದು, ಜಜ್ಜಿದ ಬೆಳ್ಳುಳ್ಳಿ, ಸೋಯಾ ಸಾಸ್, ವಿನಿಗರ್, ಚಿಟಿಕೆ ಸಕ್ಕರೆ, ಅಚ್ಚಖಾರದ ಪುಡಿ, ಹುರಿದ ಎಳ್ಳು. ಮೇಲೆ ಕಾಯಿಸಿದ ಎಳ್ಳೆಣ್ಣೆ ಸುರಿದರೆ ಚುರ್ರ್ ಅನ್ನಬೇಕು. ಅನ್ನ ಒಂದನ್ನು ಕುಕ್ಕರಿಗೆ ಇಡುವುದು ಅಷ್ಟರಲ್ಲಿ ಕಲಿತಿದ್ದೆ. ಖಾರ ಅಭ್ಯಾಸವಿಲ್ಲದ ಇಬ್ಬರೂ ಮೂಗು ಕಣ್ಣು ಒರೆಸಿಕೊಳ್ಳುತ್ತಾ ತಿನ್ನುತ್ತಿದ್ದೆವು.

ಕೆಳಗೆ ಓನರಮ್ಮನಿಗೆ ಕೇಳಿಸುತ್ತಿದ್ದದ್ದು ಬೇರೆ. ದಿನಾ ಸಂಜೆ ಧಬ್, ಧಬ್. ಆಮೇಲೆ ಇಬ್ಬರು ಗಂಡಸರು ಸೊರ್‌ಸೊರ್ ಅನ್ನುವ ಸದ್ದು. ಬೆಳಿಗ್ಗೆ ನೋಡಿದರೆ ಇಬ್ಬರ ಕಣ್ಣೂ ಕೆಂಪು. ಹೆಂಡತಿ ಹೋದ ದುಃಖಕ್ಕೆ ಅಳಿಯ ಕುಡಿದು ಬಂದು ಮುದುಕರನ್ನು ಹೊಡೆಯುತ್ತಿದ್ದಾನೆ ಅಂತ ಆಕೆ ತೀರ್ಮಾನಿಸಿ, ಪೊಲೀಸ್ ಕೆಲಸದಿಂದ ರಿಟೈರಾದ ತನ್ನ ಅಣ್ಣನನ್ನು ಕರೆಸಿದರು.

ಆತ ಮೆಟ್ಟಿಲು ಹತ್ತಿ ಬಂದು ಬಾಗಿಲು ತುಂಬ ನಿಂತು, ‘ಏನ್ ಸಾರ್, ನೋಡಿದ್ರೆ ಡೀಸೆಂಟಾಗಿದ್ದೀರ. ವಯಸ್ಸಾದವರ ಮೇಲೆ ಕೈ ಮಾಡ್ತೀರಂತೆ?’ ಅಂದರು.

ನಾನು ಬಾಯಿ ಬಿಡುವಷ್ಟರಲ್ಲಿ ಮಾವ ಒಳಗಿಂದ ಬಂದರು. ಬನಿಯನ್ನು, ಮಡಚಿ ಕಟ್ಟಿದ ಪಂಚೆ, ಹಣೆ ಮೇಲೆ ಬೆವರು, ಕೈಯಲ್ಲಿ ಎತ್ತಿ ಹಿಡಿದ ಲಟ್ಟಣಿಗೆ.

ಆತ ಒಂದು ಮೆಟ್ಟಿಲು ಹಿಂದೆ ಸರಿದು, ಅಯ್ಯೋ ಪಾಪ ಅನ್ನುವ ಮುಖದಲ್ಲಿ ನನ್ನ ಕಡೆ ತಿರುಗಿದರು. ‘ಓ, ಹೊಡೀತಿರೋದು ಅವರಾ?’

ವಿಷಯ ತಿಳಿದಮೇಲೆ ಕೂರಿಸಿ ತಟ್ಟೆ ಕೊಟ್ಟೆವು. ಮರ್ಯಾದೆಗೆ ಪೂರ್ತಿ ತಿಂದರು. ಮೂಗು ಸೀಟಿಕೊಂಡು, ಕರ್ಚೀಫಿನಿಂದ ಕಣ್ಣೊರೆಸಿಕೊಂಡು ಕೆಳಗಿಳಿದರು. ಮೆಟ್ಟಿಲ ಬುಡದಿಂದ ಓನರಮ್ಮನ ದನಿ ಕೇಳಿಸಿತು:

‘ಅಯ್ಯಯ್ಯೋ, ನಿನಗೂ ಹೊಡೆದ್ರಾ ಅಣ್ಣಾ?’

೩. ಎಳ್ಳೆಣ್ಣೆ

ಎಳ್ಳೆಣ್ಣೆ ಮುಗಿಯಿತು. ಮಾವ ಬಜಾರಿಗೆ ಹೋದರು. ಅಂಗಡಿಯವನು ‘ದೀಪಕ್ಕಾ, ಅಡುಗೆಗಾ?’ ಅಂತ ಕೇಳಿದ್ದಾನೆ. ಮಗಳ ಫೋಟೋ ಮುಂದೆ ಹಚ್ಚುವ ದೀಪ ಮಾವನ ನೆನಪಿಗೆ ಬಂದಿದೆ. ‘ದೀಪಕ್ಕೂ ಬೇಕು’ ಅಂದಿದ್ದಾರೆ. ಅವನು ‘ದೀಪಕ್ಕೆ’ ಅನ್ನುವುದನ್ನಷ್ಟೇ ಕೇಳಿಸಿಕೊಂಡು, ಎಳ್ಳೆಣ್ಣೆ, ಹರಳೆಣ್ಣೆ, ಹಿಪ್ಪೆ ಎಣ್ಣೆ, ಇನ್ನೇನೇನೋ ಬೆರೆಸಿದ ದೀಪದೆಣ್ಣೆ ಬಾಟಲಿಯನ್ನು ಕೊಟ್ಟು ಕಳಿಸಿದ್ದಾನೆ.

ಆ ಸಂಜೆ ಸೌತೆಕಾಯಿಯಿಂದ ಒಂಥರಾ ಗುಡಿಯ ವಾಸನೆ ಬರುತ್ತಿತ್ತು. ‘ಇವತ್ತು ರುಚಿ ಬೇರೆ ಇದೆ’ ಅಂದೆ. ‘ಹೊಸ ಎಣ್ಣೆ, ಸ್ವಲ್ಪ ಘಾಟು’ ಅಂದರು ಮಾವ. ಇಬ್ಬರೂ ಇನ್ನೊಬ್ಬರ ಮನಸ್ಸು ನೋಯಬಾರದು ಅಂತ ತಟ್ಟೆ ಖಾಲಿ ಮಾಡಿದೆವು.

ಮಾರನೇ ದಿನ ಬೆಳಗಾಗುತ್ತಲೇ ಹರಳೆಣ್ಣೆ ತನ್ನ ಕೆಲಸ ಶುರು ಮಾಡಿತು. ಮನೆಗೆ ಇದ್ದದ್ದು ಒಂದೇ ಕಕ್ಕಸು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ಅದರ ಬಾಗಿಲಲ್ಲಿ ಎದುರುಬದುರಾದೆವು.

‘ಅಳಿಯಂದಿರು ಮೊದಲು ಹೋಗ್ಬನ್ನಿ.’

‘ಛೆ ಛೆ, ದೊಡ್ಡವರು ನೀವು. ನೀವು ಹೋಗಿ ಮಾವ.’

‘ಹಂಗಲ್ಲ, ನಿಮಗೆ ಕೆಲಸಕ್ಕೆ ಹೊತ್ತಾಗುತ್ತೆ.’

‘ಪರವಾಗಿಲ್ಲ, ನೀವು ಹೋಗಿ.’

ಮದುವೆಯಾದಂದಿನಿಂದ ಅವರು ನನ್ನನ್ನು ಬಹುವಚನ ಬಿಟ್ಟು ಕರೆದವರಲ್ಲ. ಮಗಳು ಹೋದ ಮೇಲಂತೂ ಆ ಮರ್ಯಾದೆ ನಮ್ಮಿಬ್ಬರ ಮಧ್ಯೆ ಗೋಡೆಯ ಹಾಗೆ ನಿಂತಿತ್ತು. ಕೊನೆಗೆ ತಡೆಯಲಾರದೆ ನಾನೇ ಒಳಗೆ ನುಗ್ಗಿದೆ. ಒಂದು ಗಳಿಗೆ ಆಚೆ ನಿಶ್ಶಬ್ದ. ಇನ್ನೊಂದು ಗಳಿಗೆ ಕೆಮ್ಮು. ಆಮೇಲೆ ಬಾಗಿಲು ಮುರಿಯುವ ಹಾಗೆ ಗುದ್ದು, ಜೊತೆಗೆ ಆಟದ ಮೈದಾನವನ್ನೇ ನಡುಗಿಸುವ ದನಿ:

‘ಲೋ! ಬೇಗ ಬಾರೋ ಆಚೆಗೆ!’

ಅವತ್ತಿನಿಂದ ನಾನು ಅವರಿಗೆ ‘ನೀನು’ ಆದೆ.

೪. ತವರು

ಕಾರ್ಖಾನೆಗೂ ಸೌತೆಕಾಯಿಯನ್ನೇ ಡಬ್ಬಿಯಲ್ಲಿ ಒಯ್ಯುತ್ತಿದ್ದೆ. ನಮ್ಮ ಸ್ಟೋರ್ಸಿಗೆ ಯಾದಗಿರಿ ಕಡೆಯವನೊಬ್ಬ ಹೊಸದಾಗಿ ಸೇರಿದ್ದ. ಗರುಡಾಚಾರ್‌ಪಾಳ್ಯದಲ್ಲಿ ಒಂದು ರೂಮು ಹಿಡಿದು ಹೆಂಡತಿಯ ಜೊತೆ ಇದ್ದ. ನನ್ನ ಮನೆಯ ಸಂಗತಿ ಅವನಿಗೆ ಗೊತ್ತಿರಲಿಲ್ಲ. ಊಟಕ್ಕೆ ಕೂತಾಗ ಒಂದು ಹೋಳು ಬಾಯಿಗೆ ಹಾಕಿಕೊಂಡು ಕಣ್ಣರಳಿಸಿದ.

‘ಭಾಳ ಖಾರ ಅದ ರೀ ಸರ! ಅಕ್ಕಾರು ಸಿಟ್ಟಿನಾಗ ಮಾಡ್ಯಾರೇನು?’

‘ಅವಳು ಮಾಡಿದ್ದಲ್ಲ. ಮನೇಲಿಲ್ಲ ಅವಳು.’

‘ತವರಿಗಿ ಹೋಗ್ಯಾರೇನ್ರಿ?’

ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: ‘ಇಲ್ಲಪ್ಪ. ಅವಳು ಹೋದಳು, ತವರು ಬಂದು ನಮ್ಮನೇಲಿದೆ.’

ಆಮೇಲೆ ಯಾರೋ ಅವನಿಗೆ ವಿಷಯ ಹೇಳಿದ್ದಾರೆ. ಮಾರನೇ ದಿನ ಮುಖ ಸಣ್ಣದು ಮಾಡಿಕೊಂಡು ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟು ತಂದು ನನ್ನ ಮೇಜಿನ ಮೇಲಿಟ್ಟ. ‘ತಪ್ಪು ತಿಳ್ಕೋಬ್ಯಾಡ್ರಿ ಸರ. ನಿಮಗಲ್ಲ ಇದು,’ ಅಂದ. ‘ತವರಿಗಿ ಕೊಡ್ರಿ.’

೫. ಹೆಣ್ಣಿನ ಕಡೆಯವರು

ವರ್ಷಾಬ್ದಿಕ ಮುಗಿಯಿತು. ನನ್ನ ಅಕ್ಕ, ಮಾವ ಇಬ್ಬರೂ ಸೇರಿ ನನಗೆ ಮತ್ತೆ ಮದುವೆ ಮಾಡಬೇಕು ಅಂತ ಹಟ ಹಿಡಿದರು. ನಾನು ಬೇಡ ಅಂದೆ. ‘ನಾನೆಷ್ಟು ದಿನ ಇರ್ತೀನೋ? ಆಮೇಲೆ ಈ ಮನೇಲಿ ಒಬ್ಬನೇ ಕೂತು ಯಾರ ಜೊತೆ ಮಾತಾಡ್ತೀಯ?’ ಅಂದರು ಮಾವ. ಕೊನೆಗೆ ಹೂಂ ಅಂದೆ.

ಇಂದಿರಾನಗರದಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುವುದಾಯಿತು. ಹುಡುಗಿ ಟೀಚರು, ವಯಸ್ಸು ಮೂವತ್ತು ದಾಟಿತ್ತು. ಬೆಳಿಗ್ಗೆಯಿಂದ ಮಾವನ ಓಡಾಟವೇ ಓಡಾಟ. ನನ್ನ ಶರ್ಟಿಗೆ ಇಸ್ತ್ರಿ ಹಾಕಿದರು. ಮಗಳ ಫೋಟೋ ಗೋಡೆಯಿಂದ ತೆಗೆದು ಬೀರುವಿನಲ್ಲಿಟ್ಟರು. ಮತ್ತೆ ತಂದು ಮೊಳೆಗೆ ಹಾಕಿದರು. ಮತ್ತೆ ತೆಗೆದರು. ಕೊನೆಗೆ ಗೋಡೆಗೇ ಹಾಕಿ, ‘ಇರ್ಲಿ ಬಿಡು. ಅವಳೂ ನೋಡ್ಲಿ ಹುಡುಗೀನ’ ಅಂದರು.

ಬಂದವರು ಕೂತರು. ಅಕ್ಕ ಮಾಡಿಕೊಂಡು ಬಂದಿದ್ದ ಕೇಸರಿಬಾತು, ಉಪ್ಪಿಟ್ಟಿನ ಜೊತೆಗೆ ಮಾವ ತಮ್ಮ ಸೌತೆಕಾಯಿಯನ್ನೂ ಒಂದೊಂದು ಬಟ್ಟಲು ತಂದಿಟ್ಟರು. ಹುಡುಗಿಯ ಅಪ್ಪ ಯಾವುದೋ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವರು. ಪ್ರತಿಯೊಂದನ್ನೂ ವಿಚಾರಿಸಿಯೇ ಮುಂದೆ ಹೋಗುವ ಸ್ವಭಾವ.

‘ಇವರು ಯಾರು ಅಂತ ಗೊತ್ತಾಗ್ಲಿಲ್ಲ?’ ಅಂತ ಮಾವನ ಕಡೆ ನೋಡಿದರು.

‘ಇವನ ಮಾವ’ ಅಂದಳು ಅಕ್ಕ, ಸಣ್ಣ ದನಿಯಲ್ಲಿ.

‘ಓ, ಸೋದರಮಾವನಾ?’

‘ಅಲ್ಲ. ಹೆಣ್ಣು ಕೊಟ್ಟ ಮಾವ’ ಅಂದರು ಮಾವ, ಹಾಜರಿ ಕೂಗಿದಾಗ ನಿಲ್ಲುವ ಹಾಗೆ ನೆಟ್ಟಗೆ ನಿಂತು.

ಆತ ಗೋಡೆಯ ಫೋಟೋ ನೋಡಿದರು, ಮಾವನನ್ನು ನೋಡಿದರು, ನನ್ನನ್ನು ನೋಡಿದರು. ‘ಹಾಗಾದ್ರೆ... ನಾನು?’

‘ನೀವು ಎರಡನೆಯವರು’ ಅಂದರು ಮಾವ, ಪರಮ ವಿನಯದಿಂದ.

ಗಾಬರಿಯಲ್ಲಿ ಆತ ಕೈಗೆ ಸಿಕ್ಕ ಬಟ್ಟಲು ಎತ್ತಿ ಅಷ್ಟೂ ಸೌತೆಕಾಯಿಯನ್ನು ಒಟ್ಟಿಗೆ ಬಾಯಿಗೆ ಸುರಿದುಕೊಂಡರು. ಖಾರ ನೆತ್ತಿಗೇರಿತು. ಬಿಕ್ಕಳಿಕೆ ಹಿಡಿಯಿತು. ಅಕ್ಕ ನೀರಿಗೆ ಓಡಿದಳು. ಅಷ್ಟರಲ್ಲಿ ಮಾವನೊಳಗಿನ ಡ್ರಿಲ್ ಮಾಸ್ಟರು ಎದ್ದುಬಿಟ್ಟಿದ್ದ. ‘ಉಸಿರು ಎಳ್ಕೊಳ್ಳಿ! ಹಿಡೀರಿ! ಎದೆ ಮುಂದಕ್ಕೆ! ಬಿಡಿ!’ ಸೂಪರಿಂಟೆಂಡೆಂಟರು ಸೋಫಾದ ಮೇಲೆ ಎದೆ ಉಬ್ಬಿಸಿ ಕೂತು, ಹೇಳಿದ ಹಾಗೆಲ್ಲ ಮಾಡಿದರು. ಹುಡುಗಿ ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದಿದ್ದಳು. ಅಷ್ಟರ ನಡುವೆಯೂ ಅವಳ ಬಟ್ಟಲು ಖಾಲಿಯಾಗಿತ್ತು.

ಬಿಕ್ಕಳಿಕೆ ನಿಂತಮೇಲೆ ಆತ ಕಣ್ಣೊರೆಸಿಕೊಂಡು ಕೇಳಿದರು, ‘ಮದುವೆ ಆದ್ಮೇಲೂ... ಇವರು ಇಲ್ಲೇ ಇರ್ತಾರಾ?’

‘ಇಲ್ಲ ಇಲ್ಲ, ಮುಹೂರ್ತ ಮುಗಿಸ್ಕೊಂಡು ಹಂಗೇ ಊರಿಗೆ ಹೋಗ್ಬಿಡ್ತೀನಿ’ ಅಂದರು ಮಾವ, ಗಡಿಬಿಡಿಯಿಂದ.

ಊರಲ್ಲಿ ಬೀಗ ಹಾಕಿದ್ದ ಅವರ ಮನೆ ನನ್ನ ಕಣ್ಣ ಮುಂದೆ ಬಂತು. ‘ಎಲ್ಲೂ ಹೋಗಲ್ಲ. ಇಲ್ಲೇ ಇರ್ತಾರೆ’ ಅಂದೆ ನಾನು. ಅಕ್ಕ ನನ್ನ ಕಾಲು ತುಳಿದಳು. ತಡವಾಗಿತ್ತು.

ಮುಂದಿನ ಭಾನುವಾರ ಅಕ್ಕ ಉತ್ತರ ತಂದಳು. ಬಾಗಿಲಲ್ಲೇ ನಿಂತು, ಮುಖ ಊದಿಸಿಕೊಂಡು, ಒಪ್ಪಿಸಿದಳು: ‘ಹುಡುಗ ಒಪ್ಪಿಗೆಯಂತೆ. ಹುಡುಗಿಗೆ ಆ ಸೌತೆಕಾಯೀನೂ ಒಪ್ಪಿಗೆಯಂತೆ. ಆದ್ರೆ ಅವರಪ್ಪ ಹೇಳಿ ಕಳಿಸಿದ್ದಾರೆ, ಆ ಮನೇಲಿ ಮಾವನ ಪೋಸ್ಟು ಖಾಲಿ ಇಲ್ಲ ಅಂತ.’

ಒಳಗೆ ಲಟ್ಟಣಿಗೆಯ ಸದ್ದು ನಿಂತಿತು. ಅಕ್ಕ ಹೋದ ಮೇಲೆ ಅಡುಗೆಮನೆಗೆ ಹೋದೆ. ಮಾವ ಜಜ್ಜಿದ ಸೌತೆಕಾಯಿಯ ಮುಂದೆ ತಲೆ ತಗ್ಗಿಸಿ ಕೂತಿದ್ದರು. ‘ನನ್ನಿಂದ ನಿನ್ನ ಮದುವೆ ಕೆಟ್ಟಿತು’ ಅಂದರು.

ನಾನು ಎದುರಿಗೆ ಕೂತು ಹೋಳು ಮುರಿಯತೊಡಗಿದೆ. ‘ಹಂಗಿದ್ರೆ ಒಂದು ಕೆಲಸ ಮಾಡಿ ಮಾವ. ಪೋಸ್ಟಿಗೆ ರಾಜೀನಾಮೆ ಕೊಟ್ಬಿಡಿ.’

ಮಾವ ಉಪ್ಪಿನ ಡಬ್ಬಿಯನ್ನು ನನ್ನ ಕಡೆ ಸರಿಸಿದರು.

‘ರಿಟೈರ್ ಆದ್ಮೇಲೆ ಸಿಕ್ಕಿದ ಕೆಲಸ ಕಣೋ. ಹೆಂಗೆ ಬಿಡ್ಲಿ?’