ನಮ್ಮ ರಾಜ ಎಗರಿದ ದಿನ

ಮಕ್ಕಳ ಬುದ್ಧಿ ಬೆಳೆಸುತ್ತೇವೆಂದು ಸೊಂಟ ಕಟ್ಟಿ ನಿಂತ ತಂದೆಯರನ್ನು ಕಂಡರೆ ನನಗೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಅಲ್ಲ ಸ್ವಾಮಿ, ಬುದ್ಧಿಯೇನು ಹಿತ್ತಲ ಪಡವಲ ಬಳ್ಳಿಯೇ, ನೀವು ಚಪ್ಪರ ಹಾಕಿದ ಕಡೆ ಹಬ್ಬುವುದಕ್ಕೆ ಎಂದು ಕೇಳಬೇಕೆನ್ನಿಸುತ್ತದೆ. ಕೇಳುವುದಿಲ್ಲ. ಒಂದು ಕಾಲಕ್ಕೆ ನಾನೂ ಚಪ್ಪರ ಹಾಕಿದವನೇ.

ನಯಾಪೈಸೆ ಇನ್ನೂ ಹೊಸತಾಗಿದ್ದ ಕಾಲ. ಮನೆ ಬಂಗಾರಪೇಟೆಯಲ್ಲಿ, ಗುಮಾಸ್ತೆ ಕೆಲಸ ನಂದಿದುರ್ಗದ ಚಿನ್ನದ ಗಣಿಯಲ್ಲಿ. ಬೆಳಿಗ್ಗೆ ಮಾರಿಕುಪ್ಪಂ ರೈಲು ಹತ್ತಿದರೆ ಡಬ್ಬಿಯ ತುಂಬ ಕನ್ನಡ, ತಮಿಳು, ತೆಲುಗು ಮೂರರಲ್ಲೂ ತಂತಮ್ಮ ಮಕ್ಕಳದೇ ಮಾತು. ಚದುರಂಗ ಕಲಿತ ಮಗು ಲೆಕ್ಕದಲ್ಲಿ ಚುರುಕಾಗುತ್ತದೆ, ತಾಳ್ಮೆ ಕಲಿಯುತ್ತದೆ ಎಂದು ಅಲ್ಲಿ ಯಾರೋ ಅಂದರು. ಸಾಕಲ್ಲ! ಅಂದು ಸಂಜೆಯೇ ಅಟ್ಟದಿಂದ ತಾತನ ಕಾಲದ ಮಣೆ ಇಳಿಸಿ, ಮಗಳು ನಾಗಮಣಿಯನ್ನು ಎದುರಿಗೆ ಕೂರಿಸಿಕೊಂಡೆ. "ಮಗ್ಗಿ ಯೋಳ್ಕೊಡಿ ಅಂದ್ರೆ ಕುದ್ರೆ ಓಡುಸ್ತಾ ಕೂತವ್ರೆ," ಎಂದು ನನ್ನ ಹೆಂಡತಿ ಒಲೆಯ ಮುಂದಿನಿಂದಲೇ ಹರಸಿದಳು.

ಆಟದಿಂದ ಗುಣವೇನೋ ಕಂಡಿತು. ಹೇಳಿದ ಕೆಲಸಕ್ಕೆ ಧಡಕ್ಕನೆ ಎದ್ದೋಡುತ್ತಿದ್ದ ಹುಡುಗಿ ಈಗ ನಿಂತು ಯೋಚಿಸತೊಡಗಿದಳು. "ಅಮ್ಮಾ, ನಾನ್ ನೀರಿಗೋದ್ರೆ ಆಮೇಲೆ ಸೌದೆ ತಾ ಅಂತೀಯ, ಅಲ್ವಾ?" ತಾಯಿಗೆ ಮೈಯೆಲ್ಲ ಉರಿ, ನನಗೆ ಹೆಮ್ಮೆ. ಅಷ್ಟರಲ್ಲಿ ಪಕ್ಕದ ಗಣಿ ಚಾಂಪಿಯನ್ ರೀಫ್ಸಿನ ಒಂದು ಶಾಲೆಯಲ್ಲಿ ಮಕ್ಕಳ ಚದುರಂಗದ ಪಂದ್ಯವಿದೆಯೆಂದು ತಿಳಿಯಿತು. "ಗೆದ್ರೆ ಎಲ್ರ ಮುಂದೆ ನನ್ನೆಸ್ರು ಕೂಗ್ತಾರಂತೆ ಅಪ್ಪಾ," ಎಂದು ನಾಗು ಇದ್ದೊಂದು ಒಳ್ಳೆಯ ಲಂಗವನ್ನು ತಾನೇ ಒಗೆದು ಒಣಗಿಸಿಟ್ಟಳು. ಪಾಪ, ಆ ವಾರವೆಲ್ಲ ಅವಳ ಬಾಯಲ್ಲಿ ಅದೊಂದೇ ಮಾತು.

ಪಂದ್ಯದ ದಿನ ನಾನು ಕಿಟಕಿಯ ಹೊರಗೆ ನಿಂತಿದ್ದೆ. ಎದುರಿನ ಹುಡುಗಿ ಮೊದಲ ನಡೆಯಲ್ಲೇ ಕಾಲಾಳನ್ನು ಎರಡು ಮನೆ ಮುಂದಿಟ್ಟಳು. ನಾಗು ಗಾಬರಿಯಿಂದ ನನ್ನತ್ತ ನೋಡಿದಳು. ನಮ್ಮ ಆಟದಲ್ಲಿ ಕಾಲಾಳಿಗೆ ಒಂದೇ ಮನೆ. ಇದೇನು ಹಗಲು ಮೋಸ ಎಂದು ನನಗೂ ಅನಿಸಿತು. ಆದರೂ, ಹೋಗಲಿ ಬಿಡು, ಅವಳಿಗೇನೋ ಅವಸರ ಎಂದು ಕೈಸನ್ನೆ ಮಾಡಿದೆ. ನಾಗು ತಾಳ್ಮೆಯಿಂದಲೇ ಆಡಿದಳು. ಕೊನೆಗೆ, ಇನ್ನೇನು ರಾಜನ ಮೇಲೆ ಏಟು ಬೀಳಬೇಕು ಎನ್ನುವಾಗ, ನಾನು ಕಲಿಸಿದ್ದ ಗುಟ್ಟನ್ನು ಹೊರತೆಗೆದಳು. ಏಟು ಬೀಳುವ ಮೊದಲು ರಾಜ ಒಂದೇ ಒಂದು ಸಲ ಕುದುರೆಯಂತೆ ಎಗರಬಹುದು ಎಂಬುದು ನಮ್ಮ ತಾತನ ಕಾಲದ ಆಟದ ನಿಯಮ. ಎಗರಿಸಿ, ಮುಖ ಅರಳಿಸಿ, ಕಿಟಕಿಯತ್ತ ನೋಡಿದಳು.

ಕೋಣೆಯೇ ಗೊಳ್ಳೆಂದಿತು. ಟೀಚರೂ ನಗುತ್ತಾ, "ಅಯ್ಯೋ, ಇದು ಇಂಗ್ಲಿಷ್ ಆಟ ಅಮ್ಮಾ, ಇದ್ರಲ್ಲಿ ರಾಜ ಕುದುರೆ ಆಗಲ್ಲ. ಯಾರು ಹೇಳ್ಕೊಟ್ಟಿದ್ದು ನಿನಗೆ?" ಎಂದರು. ಇಂಗ್ಲಿಷಿನವರಿಗೆ ಬೇರೆಯೇ ಆಟವಿದೆಯೆಂದು ನನಗೆ ತಿಳಿದದ್ದು ಆ ಕಿಟಕಿಯಲ್ಲೇ. ನಾಗು ನನ್ನನ್ನು ನೋಡಿದಳು. ನಾನು ಗೋಡೆಯ ಮರೆಗೆ ಸರಿದೆ. "ಯಾರೂ ಇಲ್ಲ ಟೀಚರ್, ನಂಗೇ ಮರ್ತೋಯ್ತು," ಎಂಬ ಸಣ್ಣ ದನಿ ಮಾತ್ರ ಕೇಳಿಸಿತು. ಆಮೇಲೆ ರಾಜನನ್ನು ಹಿಂದಕ್ಕಿಟ್ಟು ಸೋತಳು.

ಅವಳು ಮತ್ತೆಂದೂ ಆ ಮಣೆ ಮುಟ್ಟಲಿಲ್ಲ. ಅಂದು ಊಟಕ್ಕೆ ಕೂತಾಗ ಅವಳಮ್ಮ ವಿಷಯ ಕೇಳಿ ರೇಗಿದಳು: "ನಿಮ್ಮಪ್ಪ ಗಣಿಯಿಂದ ಸುಸ್ತಾಗಿ ಬಂದು ಕೂರ್ಸ್ಕಂಡು ಯೋಳ್ಕೊಟ್ರೆ, ಮರ್ತೋಯ್ತು ಅಂತೀಯೇನೇ? ಬುದ್ಧಿ ಎಲ್ಲಿ ಮೇಯಕ್ಕೋಗಿತ್ತು?" ನಾಗು ತಟ್ಟೆಯಿಂದ ತಲೆ ಎತ್ತಲಿಲ್ಲ. ಈಗಲಾದರೂ ಹೇಳಿಬಿಡಬೇಕು ಎಂದು ನಾನು ಗಂಟಲು ಸರಿಮಾಡಿಕೊಂಡೆ. ತಾಯಿ, ಮಗಳು ಇಬ್ಬರೂ ನನ್ನತ್ತ ನೋಡಿದರು.

"ಇನ್ನೊಂದ್ ಸೌಟು ಸಾರು ಬಿಡು," ಎಂದೆ.